ಗಾಮಿಯೋ ಪಂಡಿತರ ತಿಯೋತಿಹುವಾಕಾನ್

ಮೆಕ್ಸಿಕೋ ದೇಶದ 1897ರ ಕಾಯಿದೆಯು ಪ್ರಾಚೀನ ಸ್ಮಾರಕಗಳನ್ನು ರಾಷ್ಟ್ರದ ಸ್ವತ್ತೆಂದು ಸಾರಿತು. 1910ರ ಕ್ರಾಂತಿಯಲ್ಲಿ ಸರಕಾರಗಳು ಒಂದರ ಮೇಲೊಂದು ಉರುಳಿದರೂ ಆ ವಿಧಿ ಉಳಿಯಿತು. ಆದರೆ ಸ್ಮಾರಕಗಳ ನೆರಳಿನಲ್ಲಿ ಬಾಳುವವರ ಮಾತು ಅದರಲ್ಲಿರಲಿಲ್ಲ. ಈ ಕೊರತೆಯನ್ನರಿತವರು ಬೋಆಸ್ ಪಂಡಿತರ ಶಿಷ್ಯರಾದ ಮಾನುಯೆಲ್ ಗಾಮಿಯೋ. 1917ರಲ್ಲಿ ಸ್ಥಾಪಿತವಾದ ಅವರ ಇಲಾಖೆಯು ಕೃಷಿಖಾತೆಗೆ ಸೇರಿದ್ದಿತೆಂಬುದು ಸ್ವಾರಸ್ಯಕರ. ತಿಯೋತಿಹುವಾಕಾನ್ ಕಣಿವೆಯ ಜನರನ್ನು ಕುರಿತು 1922ರಲ್ಲಿ ಅವರು ಪ್ರಕಟಿಸಿದ ಬೃಹದ್ಗ್ರಂಥದಲ್ಲಿ ಪಿರಮಿಡ್ಡುಗಳ ಶಿಲ್ಪದೊಡನೆ ರೈತರ ಹೊಲ, ಆಹಾರ, ರೋಗಗಳ ವಿಚಾರವೂ ಸೇರಿದೆ. ಗ್ರಂಥದ ಹಿರಿಮೆ ಇದೇ. ಆದರೂ ಗಾಮಿಯೋ ಅವರ ನಿಲುವು ಪೂರ್ಣವಾಗಿ ಒಪ್ಪತಕ್ಕುದಲ್ಲ. ದಂಗೆಯ ನಡುವೆ, 1916ರಲ್ಲಿ, ರಾಷ್ಟ್ರನಿರ್ಮಾಣವನ್ನು ಕುರಿತು ಬರೆದ ಪುಸ್ತಕದಲ್ಲಿಯೇ ಅವರು ಭಾಷೈಕ್ಯವನ್ನೂ ಜನಾಂಗಗಳ ಬೆರಕೆಯನ್ನೂ ಬಯಸಿದ್ದರು. ಒಡೆದ ನಾಡಿಗೆ ಅದೇ ಮದ್ದೆಂದು ತೋರಿದ್ದು ಸಹಜವಿರಬಹುದು. ಆದರೆ ಹಳೆಯ ಗುಡಿಗೆ ದೊರೆತ ಆಶ್ರಯ ಮೂಲನಿವಾಸಿಗಳ ಜೀವಂತ ನುಡಿಗಳಿಗೆ ಆ ಯೋಜನೆಯಲ್ಲಿ ದೊರೆಯಲಿಲ್ಲ.