ಗಿಡುಗಗಳ ಗುಡ್ಡ: ಒಂದು ವಿಮರ್ಶೆ

ಮಾರಿಸ್ ಬ್ರೌನ್ ಎಂಬವರ ‘ಹಾಕ್ಸ್ ಅಲಾಫ್ಟ್’ ಗ್ರಂಥವು ೧೯೪೯ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಪೆನ್ಸಿಲ್ವೇನಿಯಾದ ಕಿಟಟಿನ್ನಿ ಬೆಟ್ಟಸಾಲಿನ ಬಂಡೆಯೊಂದರ ಮೇಲೆ ಕುಳಿತು, ಶರತ್ಕಾಲದಲ್ಲಿ ದಕ್ಷಿಣಕ್ಕೆ ಸಾಗುವ ಗಿಡುಗ, ಡೇಗೆ, ಹದ್ದುಗಳನ್ನು ಎಣಿಸಿದವರ ಕಥೆಯಿದು. ಹಕ್ಕಿಯೆಣಿಕೆಯೂ ಒಂದು ಕಥೆಯೇ ಎಂದು ವಾಚಕರು ನಗಬಹುದು. ನಾನೂ ಮೊದಲು ನಕ್ಕವನೇ.

ಆ ಗುಡ್ಡದಲ್ಲಿ ಹಿಂದೆ ನಡೆಯುತ್ತಿದ್ದುದು ಎಣಿಕೆಯಲ್ಲ, ಕೊಲೆ. ವಾಯವ್ಯದ ಗಾಳಿಯು ಬೆಟ್ಟಕ್ಕೆ ಬಡಿದು ಮೇಲೇಳುವುದರಿಂದ, ಹಕ್ಕಿಗಳು ರೆಕ್ಕೆ ಬಡಿಯುವ ಶ್ರಮವಿಲ್ಲದೆ ಬೆಟ್ಟದಂಚನ್ನೇ ಹಿಡಿದು, ಎಷ್ಟೋ ವೇಳೆ ನೋಡುವವರ ಕಣ್ಣಿನ ಮಟ್ಟದಲ್ಲಿಯೇ ಹಾಯುತ್ತವೆ. ಆ ಅನುಕೂಲವೇ ಅವುಗಳಿಗೆ ಮೃತ್ಯುವಾಗಿದ್ದಿತು. ಬಹುಜಾತಿಯ ಗಿಡುಗಗಳಿಗೆ ಕಾನೂನಿನ ರಕ್ಷಣೆಯಿರಲಿಲ್ಲ. ಒಂದು ಜಾತಿಗಂತೂ ಸರ್ಕಾರವೇ ತಲೆಗೆ ೫ ಡಾಲರು ಕೊಡುತ್ತಿದ್ದಿತು. ೧೯೩೪ರಲ್ಲಿ ರೊಸಾಲಿ ಎಡ್ಜ್ ಎಂಬ ಮಹನೀಯಳು ಸುಮಾರು ೧೪೦೦ ಎಕರೆ ಭೂಮಿಯನ್ನು ಗುತ್ತಿಗೆಗೆ ಹಿಡಿದು, ಬ್ರೌನ್ ದಂಪತಿಗಳನ್ನು ಕಾವಲಿಗಿಟ್ಟಳು.

ಕೋವಿ ಹಿಡಿದು ಬಂದವರನ್ನು ಬರಿಗೈಯ ದಂಪತಿಗಳು ಹಿಂದಿರುಗಿಸುವ ಸಂದರ್ಭಗಳಲ್ಲಿ ಗ್ರಂಥಕ್ಕೆ ನಿಜವಾದ ಕಳೆಯಿದೆ. ಆದರೆ ಆ ಬೇಟೆಗಾರರ ಮನಸ್ಸಿನೊಳಕ್ಕೆ ಲೇಖಕರು ಇಳಿಯುವುದು ಕಡಮೆ. ಕೋಳಿಮರಿಯನ್ನು ಹದ್ದಿಗೆ ಕಳೆದುಕೊಂಡ ನಮ್ಮ ಹಳ್ಳಿಯ ಮುದುಕಿಯ ಶಾಪವನ್ನು ಕೇಳಿದವರಿಗೆ ಈ ಕೊರತೆಯು ಕಾಣದಿರದು.

ನನ್ನ ಮುಖ್ಯ ಆಕ್ಷೇಪವು ಬೇರೆ. ಗುಡ್ಡದ ಲೆಕ್ಕವು ಕಂಡ ಹಕ್ಕಿಗಳ ಲೆಕ್ಕವೇ ಹೊರತು ಇರುವ ಹಕ್ಕಿಗಳದಲ್ಲ. ಗಾಳಿ ತಿರುಗಿದರೆ ಅವು ಬೇರೆ ದಾರಿ ಹಿಡಿಯುತ್ತವೆ. ಸೆಪ್ಟೆಂಬರಿನ ಅಗಲರೆಕ್ಕೆಯ ಗಿಡುಗಗಳು ಕಾದ ಗಾಳಿಯಲ್ಲಿ ಸುತ್ತಿ ಸುತ್ತಿ ಏರಿ ನೀಲಿಯಲ್ಲಿ ಕರಗಿಹೋಗುತ್ತವೆ. ದೊಡ್ಡ ಸಂಖ್ಯೆಯ ದಿನಗಳನ್ನು ಬಣ್ಣಿಸುವ ಉತ್ಸಾಹದಲ್ಲಿ ಈ ಎಚ್ಚರಿಕೆಯು ವಾಚಕನಿಂದ ಜಾರಿಹೋಗುತ್ತದೆ.

ಆದರೂ ಲೆಕ್ಕವು ಗೆದ್ದಿತು. ೧೯೬೨ರಲ್ಲಿ ರೇಚೆಲ್ ಕಾರ್ಸನ್ ‘ಸೈಲೆಂಟ್ ಸ್ಪ್ರಿಂಗ್’ ಗ್ರಂಥದಲ್ಲಿ ಇದೇ ಗುಡ್ಡದ ಅಂಕಿಗಳನ್ನು ಮುಂದಿಟ್ಟಳು. ೧೯೩೫–೩೯ರಲ್ಲಿ ಕಂಡ ಬಿಳಿತಲೆಯ ಹದ್ದುಗಳಲ್ಲಿ ಶೇಕಡ ೪೦ ಎಳೆಯವು. ೧೯೫೫–೫೯ರಲ್ಲಿ ಶೇಕಡ ೨೦ ಮಾತ್ರ. ೧೯೫೭ರಲ್ಲಂತೂ ೩೨ ಬೆಳೆದ ಹಕ್ಕಿಗಳಿಗೆ ಒಂದೇ ಮರಿ. ಮರೆಮಾಡುವ ಮೋಡವು ಮುದಿಹಕ್ಕಿ ಎಳೆಹಕ್ಕಿಯೆಂದು ಭೇದವೆಣಿಸದು. ಆದಕಾರಣ ಒಟ್ಟು ಮೊತ್ತವು ಸಂದೇಹಾಸ್ಪದವಾದರೂ ಪ್ರಮಾಣವು ನಿಲ್ಲುತ್ತದೆ. ಎಳೆಯದಕ್ಕೆ ತಲೆ ಬೆಳ್ಳಗಿರುವುದಿಲ್ಲವೆಂಬ ಸಣ್ಣ ಗುರುತನ್ನು ಬರೆದಿಟ್ಟುದರಿಂದಲೇ ಇದು ಸಾಧ್ಯವಾಯಿತು. ಡಿ.ಡಿ.ಟಿ.ಯನ್ನು ಅಮೆರಿಕವು ನಿಷೇಧಿಸಿದುದು ೧೯೭೨ರಲ್ಲಿ.

ಗ್ರಂಥವನ್ನು ಬರೆದಾಗ ಬ್ರೌನರಿಗೆ ಇದಾವುದೂ ತಿಳಿದಿರಲಿಲ್ಲ. ಅವರ ವರ್ಣನೆಗಳನ್ನು ನಾನು ಅಲ್ಲಲ್ಲಿ ದಾಟಿ ಓದಿದೆನು. ಎಣಿಕೆಯ ಸಂಗತಿಗಳನ್ನು ದಾಟಲಾಗಲಿಲ್ಲ. ೧೯೪೩ರಿಂದ ೧೯೪೫ರವರೆಗೆ, ಯುದ್ಧಕಾಲದಲ್ಲಿ, ಗುಡ್ಡದಲ್ಲಿ ಎಣಿಕೆ ನಡೆಯಲಿಲ್ಲ. ಆ ಮೂರು ವರ್ಷಗಳ ಜಾಗವು ಗುಡ್ಡದ ಲೆಕ್ಕದಲ್ಲಿ ಇಂದಿಗೂ ಬರಿದಾಗಿಯೇ ಇದೆ.