ತಕ್ಕಡಿಗೆ ಕಾಣದ ಬೆಳವಣಿಗೆ

ಎಚ್‌ಐವಿ ಇರುವ ಮಕ್ಕಳ ಆಹಾರದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಒಂದು ಮಾರ್ಗದರ್ಶಿ ಹೊರತಂದಿತು. ‘ಚೆನ್ನಾಗಿ ತಿನ್ನಿಸಿ’ ಎಂಬ ಸಡಿಲ ಬುದ್ಧಿವಾದದ ಜಾಗದಲ್ಲಿ ಅದು ಲೆಕ್ಕ ಇಟ್ಟಿತು: ರೋಗಲಕ್ಷಣವಿಲ್ಲದೆ ಬೆಳೆಯುತ್ತಿರುವ ಮಗುವಿಗೆ ಶೇ 10ರಷ್ಟು ಹೆಚ್ಚು ಶಕ್ತಿಯ ಆಹಾರ, ತೂಕ ಏರದ, ಇಲ್ಲವೇ ದೀರ್ಘಕಾಲದ ಕಾಯಿಲೆಯಿರುವ ಮಗುವಿಗೆ ಶೇ 20ರಿಂದ 30, ತೀವ್ರ ಅಪೌಷ್ಟಿಕತೆಯ ಮಗು ಚೇತರಿಸಿಕೊಳ್ಳಲು ಶೇ 50ರಿಂದ 100. ರಾಗಿ ಗಂಜಿಗೆ ಒಂದು ಚಮಚ ಎಣ್ಣೆ ಬೆರೆಸಿ, ಸಂಜೆಗೊಂದು ಶೇಂಗಾ ಉಂಡೆ ಕೊಡಿ ಎಂದು ತಾಯಿಗೆ ಹೇಳುವ ಆಪ್ತಸಮಾಲೋಚಕರಿಗೆ ಇದು ನಿಜವಾದ ಆಸರೆ. ಆ ಮಟ್ಟಿಗೆ ಇದು ಬೆಲೆಯುಳ್ಳ ಕೆಲಸ.

ನನ್ನ ತಕರಾರು ಬೇರೆ ಕಡೆ ಇದೆ. ಮಗು ಈ ಮೂರರಲ್ಲಿ ಯಾವ ಗುಂಪಿಗೆ ಸೇರಬೇಕೆಂಬುದನ್ನು ಇಲ್ಲಿ ಮುಖ್ಯವಾಗಿ ತೂಕವೇ ತೀರ್ಮಾನಿಸುತ್ತದೆ. ಎಚ್‌ಐವಿ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದಲ್ಲೂ ಮಕ್ಕಳ ಮಾತ್ರೆಯ ಪ್ರಮಾಣ ನಿಗದಿಯಾಗುವುದು ತೂಕದ ಮೇಲೆಯೇ. ಹಾಗಾಗಿ ತೂಕ ನೋಡದೆ ಮದ್ದು ಕೊಡುವಂತಿಲ್ಲ. ಎತ್ತರಕ್ಕೆ ಅಂಥ ಒತ್ತಾಯವಿಲ್ಲ. ಚಿಕಿತ್ಸೆ ಶುರುವಾದ ಮೇಲೆ ತೂಕ ಬೇಗ ಚೇತರಿಸಿಕೊಳ್ಳುತ್ತದೆ, ಎತ್ತರ ನಿಧಾನ. ತಡವಾಗಿ ಚಿಕಿತ್ಸೆಗೆ ಬಂದ ಮಕ್ಕಳಲ್ಲಿ ಆ ಕೊರತೆ ಪೂರ್ತಿ ತುಂಬದೆಯೂ ಉಳಿಯಬಹುದು.

ಎತ್ತರ ಹಿಂದೆ ಬೀಳುವುದಕ್ಕೆ ಬರೀ ಊಟದ ಕೊರತೆ ಕಾರಣವಲ್ಲ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಬೆಳವಣಿಗೆಯ ಹಾರ್ಮೋನನ್ನು ಸುರಿಸುತ್ತಿದ್ದರೂ, ವೈರಸ್ಸು ಎಬ್ಬಿಸಿದ ಉರಿಯೂತದ ನಡುವೆ ಯಕೃತ್ತು ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ. ಮೂಳೆಯನ್ನು ಉದ್ದ ಮಾಡಬೇಕಾದ ಐಜಿಎಫ್-1 ಎಂಬ ಹಾರ್ಮೋನು ಕಡಿಮೆಯಾಗುತ್ತದೆ. ಹಸಿವು ಕೂಡ ಇದನ್ನೇ ಮಾಡುತ್ತದೆ. ವೈರಸ್ಸು ಹತೋಟಿಗೆ ಬಂದು, ತಟ್ಟೆಯೂ ತುಂಬಿದಾಗ ಮಾತ್ರ ಈ ಸರಪಳಿ ಮತ್ತೆ ಕೂಡಿಕೊಳ್ಳುತ್ತದೆ. ಇಲ್ಲಿ ಆಹಾರವನ್ನೂ ಹಾರ್ಮೋನನ್ನೂ ಬೇರೆ ಬೇರೆ ಅಧ್ಯಾಯ ಮಾಡಲು ಬರುವುದಿಲ್ಲ.

ಮದ್ದುಗಳ ಪಾಲೂ ಇದೆ. ಎಫಾವಿರೆಂಜ್ ವಿಟಮಿನ್ ಡಿ ಮಟ್ಟವನ್ನು ತಗ್ಗಿಸಬಲ್ಲದು, ಟೆನೊಫೊವಿರ್‌ನ ಹಳೆಯ ರೂಪ ಮೂಳೆಯ ಸಾಂದ್ರತೆಯನ್ನು. ಜೀವ ಉಳಿಸಿದ ಮದ್ದುಗಳಿವು, ವೈದ್ಯರು ಹೇಳದೆ ಬಿಡುವಂತಿಲ್ಲ. ಆದರೆ ಮೂಳೆ ಗಟ್ಟಿಯಾಗುವ ಮುಖ್ಯ ಕಾಲ ಹರೆಯ, ಮತ್ತು ಈ ಮಕ್ಕಳಿಗೆ ಹರೆಯವೇ ತಡವಾಗಿ ಬರಬಹುದು.

ಮಾರ್ಗದರ್ಶಿ ಮಗುವಿನ ಕೈಬಿಡುವುದೂ ಇಲ್ಲಿಯೇ. ಅದರ ವ್ಯಾಪ್ತಿ 6 ತಿಂಗಳಿಂದ 14 ವರ್ಷದವರೆಗೆ. ಹುಡುಗಿಗೆ 13, ಹುಡುಗನಿಗೆ 14 ತುಂಬಿದರೂ ಹರೆಯದ ಗುರುತು ಕಾಣದಿದ್ದರೆ ವೈದ್ಯರು ಅದನ್ನು ವಿಳಂಬ ಎನ್ನುತ್ತಾರೆ. ಪ್ರಶ್ನೆ ಏಳುವ ವಯಸ್ಸಿಗೇ ಪುಸ್ತಕ ಮುಗಿಯುತ್ತದೆ.

ನಮ್ಮಲ್ಲಿ ಎಷ್ಟೋ ಕಡೆ ಮಗಳು ಮೈನೆರೆದರೆ ಅಕ್ಕಪಕ್ಕದವರನ್ನು ಕರೆದು ಆರತಿ ಎತ್ತುತ್ತಾರೆ. ‘ಇನ್ನೂ ದೊಡ್ಡವಳಾಗಲಿಲ್ಲವಾ?’ ಎಂದು ಓಣಿಯವರು ಕೇಳಿದಾಗ, ವರ್ಷಗಳಿಂದ ಗುಟ್ಟು ಕಾಯ್ದುಕೊಂಡು ಬಂದ ಅಜ್ಜಿ ಏನು ಹೇಳಬೇಕು? ಎಚ್‌ಐವಿ ಸ್ಥಿತಿಯನ್ನು ಗೋಪ್ಯವಾಗಿಡುವ ಹಕ್ಕನ್ನು 2017ರ ಕಾಯ್ದೆ ಕೊಟ್ಟಿದೆ. ಆದರೆ ಓಣಿಯವರ ಪ್ರಶ್ನೆಗೆ ಅಜ್ಜಿಯನ್ನು ಅಣಿಗೊಳಿಸಬೇಕಾದದ್ದು ಚಿಕಿತ್ಸಾ ಕೇಂದ್ರ. ತೂಕದ ಪಕ್ಕದಲ್ಲಿ ಎತ್ತರ, ಹತ್ತು ವರ್ಷ ದಾಟಿದ ಮೇಲೆ ಹರೆಯದ ಹಂತ, ಪ್ರತಿ ಭೇಟಿಯಲ್ಲದಿದ್ದರೂ ಆರು ತಿಂಗಳಿಗೊಮ್ಮೆ ಬರೆದಿಟ್ಟರೆ, ಆ ಅಜ್ಜಿಯನ್ನು ಕೂರಿಸಿಕೊಂಡು ‘ತಡವಾಗಬಹುದು, ಕಾರಣ ಇದು’ ಎಂದು ಮುಂಚೆಯೇ ಹೇಳಬಹುದು.