ಹಂಬೋಲ್ಟನ ಆಂಡೀಸ್ ಚಿತ್ರಣ: ಒಂದು ವಿಮರ್ಶೆ

ಪ್ರವಾಸಗ್ರಂಥದ ಗುಣದೋಷಗಳನ್ನು ನಿರ್ಣಯಿಸುವಾಗ ಗ್ರಂಥಕರ್ತನು ಏನನ್ನು ಕಂಡನೆಂದು ಮಾತ್ರ ಕೇಳಿದರೆ ಸಾಲದು. ಕಣ್ಣೆದುರಿಗಿದ್ದರೂ ಏನನ್ನು ಬಿಟ್ಟನೆಂಬುದನ್ನೂ ಕೇಳಬೇಕು. ಜರ್ಮನಿಯ ಪ್ರಕೃತಿವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟನು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳನ್ನು ಕುರಿತು ಬರೆದ ಬರೆಹಗಳು ಈ ಎರಡನೆಯ ಪ್ರಶ್ನೆಯನ್ನು ಅನಿವಾರ್ಯವಾಗಿ ಎಬ್ಬಿಸುತ್ತವೆ.

ಹಂಬೋಲ್ಟನೂ ಅವನ ಸಂಗಡಿಗನಾದ ಫ್ರೆಂಚ್ ಸಸ್ಯಶಾಸ್ತ್ರಜ್ಞ ಬೊನ್‌ಪ್ಲಾನನೂ 1801ರ ಸೆಪ್ಟೆಂಬರಿನಲ್ಲಿ ಬೊಗೋಟಾ ನಗರವನ್ನು ಬಿಟ್ಟು, ಕಿಂಡಿಯೂ ಕಣಿವೆ, ಪೊಪಯಾನ್, ಪಾಸ್ತೋಗಳ ಮಾರ್ಗವಾಗಿ 1802ರ ಜನವರಿ 6ರಂದು ಕೀಟೋ ನಗರವನ್ನು ಸೇರಿದರು. ಅಲ್ಲಿಂದ ಅಗ್ನಿಪರ್ವತಗಳ ಎರಡು ಸಾಲುಗಳ ನಡುವೆ ದಕ್ಷಿಣಕ್ಕೆ ಹೊರಟು ರಿಯೋಬಾಂಬಾ, ಕ್ವೆಂಕಾ, ಲೋಹಾ, ಕಹಮಾರ್ಕಾಗಳನ್ನು ದಾಟಿ, ಅಕ್ಟೋಬರಿನಲ್ಲಿ ಲೀಮಾ ಪಟ್ಟಣಕ್ಕೆ ಬಂದರು. ಇಷ್ಟು ದೊಡ್ಡ ಭೂಯಾತ್ರೆಗೆ ಗ್ರಂಥಕರ್ತನಿಂದ ಕ್ರಮಬದ್ಧವಾದ ಕಥನ ದೊರೆಯಲಿಲ್ಲವೆಂಬುದು ಗಮನಾರ್ಹ. 1814ರಿಂದ 1825ರವರೆಗೆ ಹೊರಬಂದ ಅವನ ಯಾತ್ರಾಕಥನದ ಮೂರು ಸಂಪುಟಗಳು 1801ನೆಯ ವರ್ಷದಲ್ಲಿಯೇ, ಆಂಡೀಸ್ ಯಾತ್ರೆಗೆ ಮೊದಲೇ, ನಿಂತುಹೋಗುತ್ತವೆ. ಚಿಂಬೊರಾಸೋ ಪರ್ವತವನ್ನೇರಲು ಮಾಡಿದ ಪ್ರಯತ್ನದ ವಿವರವು ಅಚ್ಚಾದುದು 1837ರಲ್ಲಿ. ಕಹಮಾರ್ಕಾದ ವರ್ಣನೆಯು ಬೆಳಕಿಗೆ ಬಂದುದು 1849ರಲ್ಲಿ. ಆದಕಾರಣ ಆಂಡೀಸನ್ನು ಕುರಿತ ಅವನ ಮುಖ್ಯಕೃತಿಯೆಂದರೆ, 1810ರಿಂದ 1813ರವರೆಗೆ ಪ್ಯಾರಿಸ್ಸಿನಲ್ಲಿ ಪ್ರಕಟವಾದ, 69 ಚಿತ್ರಪಟಗಳುಳ್ಳ 'ಪರ್ವತಶ್ರೇಣಿಗಳ ದೃಶ್ಯಗಳು ಮತ್ತು ಅಮೆರಿಕದ ಮೂಲನಿವಾಸಿಗಳ ಸ್ಮಾರಕಗಳು' ಎಂಬ ಗ್ರಂಥವೇ.

ಈ ಗ್ರಂಥದಲ್ಲಿ ದಾರಿಯ ಕ್ರಮವಿಲ್ಲ. ಮೆಕ್ಸಿಕೋದೇಶದ ಶಿಲಾಪ್ರತಿಮೆಯ ಪಕ್ಕದಲ್ಲಿ ಆಂಡೀಸಿನ ಜಲಪಾತವು ನಿಲ್ಲುತ್ತದೆ. ಹಿಮಾಚ್ಛಾದಿತವಾದ ಶಿಖರದ ಬಳಿಯಲ್ಲಿ ಪುರಾತನ ಪಂಚಾಂಗವೊಂದರ ವಿಚಾರ ಬರುತ್ತದೆ. ಇದನ್ನು ಅವ್ಯವಸ್ಥೆಯೆಂದು ದೂಷಿಸುವುದು ಸುಲಭ. ಆದರೆ ಮನುಷ್ಯನ ಕೃತಿಗೂ ಅವನು ನಿಂತ ನೆಲಕ್ಕೂ ಸಂಬಂಧವುಂಟೆಂಬ ಮಾತನ್ನು ವಾದದಿಂದಲ್ಲದೆ ಸಾಮೀಪ್ಯದಿಂದಲೇ ಮನಗಾಣಿಸುವುದು ಇಲ್ಲಿಯ ಉದ್ದೇಶ. ಕೋಟೋಪಕ್ಸಿ ಪರ್ವತದ ಚಿತ್ರವನ್ನು ಕಂಡ ವಾಚಕನು ಮುಂದೆ ಅದರ ಸಮೀಪದ ಕಾಯೋ ಎಂಬಲ್ಲಿಯ ಇಂಕರ ಮನೆಯ ಪಟವನ್ನು ಕಾಣುವನು. ಅಗ್ನಿಪರ್ವತ ಉಗುಳಿದ ಶಿಲೆಯೇ ಅರಸರ ಮನೆಯ ಗೋಡೆಯಾಯಿತೆಂಬುದು ಆಗ ತಾನಾಗಿಯೇ ಹೊಳೆಯುತ್ತದೆ. ಕಾನ್ಯಾರದ ಕಟ್ಟಡವನ್ನು ವಿವರಿಸುತ್ತ, ಇಂಕರ ವಾಸ್ತುಶಿಲ್ಪಕ್ಕೆ ಸರಳತೆ, ಸಮರೂಪತೆ, ದೃಢತೆ ಎಂಬ ಮೂರು ಲಕ್ಷಣಗಳನ್ನು ಅವನು ಹೇಳಿರುವುದು ಸೂಕ್ಷ್ಮವಾದ ವಿಮರ್ಶೆ. ಯೂರೋಪಿನವರು ಅಮೆರಿಕದ ಮೂಲನಿವಾಸಿಗಳನ್ನು ಅನಾಗರಿಕರೆಂದು ತಳ್ಳಿಹಾಕುತ್ತಿದ್ದ ಕಾಲದಲ್ಲಿ ಇಷ್ಟು ಗೌರವದಿಂದ ಅವರ ಕೃತಿಗಳನ್ನು ಅಳೆದು ಬರೆದುದು ಅಲ್ಪವಾದ ಸಾಧನೆಯಲ್ಲ.

ಯಾತ್ರೆಗೆ ಆಧಾರವಾದ ಜನರನ್ನೂ ಅವನು ಸಂಪೂರ್ಣವಾಗಿ ಮರೆತವನಲ್ಲ. ಕಿಂಡಿಯೂ ಕಣಿವೆಯ ಪಟದಲ್ಲಿ, ಬೆನ್ನಿಗೆ ಕುರ್ಚಿಯನ್ನು ಕಟ್ಟಿಕೊಂಡು ಅದರಲ್ಲಿ ಪ್ರಯಾಣಿಕನನ್ನು ಹೊತ್ತು ನಡೆಯುವ ಕೂಲಿಗಳ ವೃತ್ತಾಂತವಿದೆ. ಮನುಷ್ಯನ ಬೆನ್ನೇರುವುದನ್ನು ಒಲ್ಲದೆ ಹಂಬೋಲ್ಟನು ಕೆಸರಿನ ಆ ದಾರಿಯನ್ನು ಕಾಲ್ನಡೆಯಿಂದಲೇ ಕಳೆದನು. ಹಾಯೆನ್ ಪ್ರಾಂತದಲ್ಲಿ ಕಾಗದಗಳನ್ನು ಬಟ್ಟೆಯಲ್ಲಿ ಸುತ್ತಿ ತಲೆಗೆ ಕಟ್ಟಿಕೊಂಡು ನದಿಯಲ್ಲಿ ಈಜಿಹೋಗುವ ಅಂಚೆಯವನಿಗೂ, ಪೆನಿಪೆಯ ಹಗ್ಗದ ಸೇತುವೆಗೂ ಒಂದೊಂದು ಪಟವು ಮೀಸಲಾಗಿದೆ. ಇವು ಗ್ರಂಥದ ಅತ್ಯಂತ ಜೀವಂತವಾದ ಪುಟಗಳು.

ಹೀಗಿದ್ದರೂ ಒಂದು ಕೊರತೆಯನ್ನು ಹೇಳದೆ ವಿಧಿಯಿಲ್ಲ. ಗ್ರಂಥಕರ್ತನು ಅರ್ಧ ವರ್ಷದಷ್ಟು ಕಾಲ ಕೀಟೋ ಪ್ರಾಂತದಲ್ಲಿದ್ದನು. ಸ್ಪ್ಯಾನಿಷರು 1534ರಲ್ಲಿ ಸ್ಥಾಪಿಸಿದ ಆ ನಗರದ ಚರ್ಚುಗಳೂ ಮಠಗಳೂ ಇಡೀ ಖಂಡದಲ್ಲಿ ಹೆಸರಾದವು. ಆದರೆ ಪಿಚಿಂಚಾ, ಕಯಾಂಬೆ, ಇಲಿನೀಸಾ ಪರ್ವತಗಳಿಗೆ ದೊರೆತ ಪಟವು ಈ ಚರ್ಚುಗಳಲ್ಲಿ ಒಂದಕ್ಕೂ ದೊರೆಯಲಿಲ್ಲ. 1797ರ ಫೆಬ್ರವರಿ 4ರ ಭೂಕಂಪದಿಂದ ನೆಲಸಮವಾದ ರಿಯೋಬಾಂಬಾ ಪಟ್ಟಣವು ಹೊಸ ಸ್ಥಳದಲ್ಲಿ ಮೇಲೇಳುತ್ತಿದ್ದಾಗ ಅವನು ಅಲ್ಲಿ ತಂಗಿದ್ದನು. ಆ ಬಯಲಿನಿಂದ ತೆಗೆದ ಪ್ರಸಿದ್ಧಚಿತ್ರಕ್ಕೂ ಚಿಂಬೊರಾಸೋ ಶಿಖರವೇ ವಿಷಯ; ಮನೆಯನ್ನು ಕಳೆದುಕೊಂಡು ಮತ್ತೆ ಕಟ್ಟುತ್ತಿದ್ದ ಜನರಲ್ಲ.

ಗ್ರಂಥದ ವಿಷಯವೇ ಮೂಲನಿವಾಸಿಗಳ ಸ್ಮಾರಕಗಳಾದುದರಿಂದ ಸ್ಪ್ಯಾನಿಷರ ನಗರಗಳಿಗೆ ಅಲ್ಲಿ ಎಡೆಯಿಲ್ಲವೆಂದು ಸಮಾಧಾನ ಹೇಳಬಹುದು. ಈ ಸಮಾಧಾನವು ಎರಡು ಕಾರಣಗಳಿಂದ ನಿಲ್ಲುವುದಿಲ್ಲ. ಮೊದಲನೆಯದು, ಮೆಕ್ಸಿಕೋ ನಗರದ ದೊಡ್ಡ ಚೌಕಕ್ಕೆ ಇದೇ ಗ್ರಂಥದಲ್ಲಿ ಪಟವುಂಟು. ಎರಡನೆಯದು ಇನ್ನೂ ಮುಖ್ಯವಾದುದು: ಕೀಟೋವಿನ ಚರ್ಚುಗಳು ಕೇವಲ ಸ್ಪ್ಯಾನಿಷರ ಕೃತಿಗಳಲ್ಲ. ಸಂತ ಫ್ರಾನ್ಸಿಸನ ಮಠದ ಸನ್ಯಾಸಿಗಳು 16ನೆಯ ಶತಮಾನದಲ್ಲಿಯೇ ಮೂಲನಿವಾಸಿ ಬಾಲಕರಿಗೆ ಕಲೆಗಳನ್ನು ಕಲಿಸತೊಡಗಿದರು. 18ನೆಯ ಶತಮಾನದಲ್ಲಿ ಕಾಸ್ಪಿಕಾರಾ ಎಂದು ಪ್ರಸಿದ್ಧನಾದ ಮಾನುಯೆಲ್ ಚಿಲಿ ಎಂಬ ಶಿಲ್ಪಿಯು ಮೂಲನಿವಾಸಿಯೇ. ಕಾಯೋವಿನ ಗೋಡೆಯನ್ನು ಕಟ್ಟಿದವರ ಸಂತತಿಯೇ ಕೀಟೋವಿನ ಚರ್ಚುಗಳಲ್ಲಿ ಕಲ್ಲನ್ನೂ ಮರವನ್ನೂ ಕೆತ್ತಿತು. ಆ ಕೈಯನ್ನು ಹಂಬೋಲ್ಟನು ಹಾಳುಬಿದ್ದ ಗೋಡೆಯಲ್ಲಿ ಗುರುತಿಸಿದನು. ಜನ ತುಂಬಿದ ನಗರದಲ್ಲಿ ಅದಕ್ಕೆ ಪಟವನ್ನು ಮೀಸಲಿಡಲಿಲ್ಲ. ಹೀಗಾಗಿ ಮೂಲನಿವಾಸಿಗಳ ಕಲೆಯು ಮುಗಿದುಹೋದ ಕಥೆಯೆಂಬ ಭಾವನೆ ವಾಚಕನಲ್ಲಿ ಉಳಿಯುತ್ತದೆ. ಕೀಟೋ ನಗರವು 1978ರಲ್ಲಿ ವಿಶ್ವಪರಂಪರೆಯ ಮೊದಲನೆಯ ಪಟ್ಟಿಯಲ್ಲಿಯೇ ಸೇರಿತು; 1999ರಲ್ಲಿ ಕ್ವೆಂಕಾ ಅದನ್ನು ಹಿಂಬಾಲಿಸಿತು. ಹಂಬೋಲ್ಟನ ಪಟಗಳಲ್ಲಿ ಸ್ಥಾನ ಪಡೆಯದವು ಇಂದಿನ ಪ್ರವಾಸಿಗನಿಗೆ ಮೊದಲ ದರ್ಶನೀಯಗಳಾಗಿವೆ.

ಈ ಕೊರತೆಯು ಭಾಗಶಃ ನೀಗಿದುದು ಗ್ರಂಥಕರ್ತನ ವೃದ್ಧಾಪ್ಯದಲ್ಲಿ. 'ಪ್ರಕೃತಿಯ ದೃಶ್ಯಗಳು' ಎಂಬ ಗ್ರಂಥದ 1849ರ ಮೂರನೆಯ ಮುದ್ರಣಕ್ಕೆ ಅವನು ಕಹಮಾರ್ಕಾವನ್ನು ಕುರಿತು ಒಂದು ಪ್ರಬಂಧವನ್ನು ಸೇರಿಸಿದನು. 1532ರಲ್ಲಿ ಇಂಕ ದೊರೆ ಅತಾಹುವಾಲ್ಪನು ಸೆರೆಸಿಕ್ಕಿದ ನಗರವದು. ಬಡತನದಲ್ಲಿ ಬಾಳುತ್ತಿದ್ದ ಇಂಕರ ವಂಶಜನಾದ ಯುವಕನೊಬ್ಬನು ಅರಮನೆಯ ಅವಶೇಷಗಳ ನಡುವೆ ಅವನನ್ನು ಕರೆದೊಯ್ಯುತ್ತ, ನೆಲದಡಿಯಲ್ಲಿ ಚಿನ್ನದ ಉದ್ಯಾನವಿದೆಯೆಂದು ನಂಬಿಕೆಯಿಂದ ಹೇಳುತ್ತಾನೆ. ಅಗೆದು ತೆಗೆಯಬಾರದೇಕೆಂದರೆ ಅದು ಪಾಪವೆನ್ನುತ್ತಾನೆ. ಚಿನ್ನ ಸಿಕ್ಕಿದರೆ ಬಿಳಿಯ ನೆರೆಯವರ ದ್ವೇಷಕ್ಕೆ ಗುರಿಯಾಗಬೇಕಾದೀತೆಂದೂ ಅಂಜುತ್ತಾನೆ. ಇಲ್ಲಿ ಭಗ್ನಾವಶೇಷಕ್ಕೆ ಒಬ್ಬ ವಾರಸುದಾರನಿದ್ದಾನೆ. ಅವನಿಗೆ ಹಸಿವೂ ಭಯವೂ ವಿವೇಕವೂ ಇವೆ. 69 ಪಟಗಳು ಹೇಳದೆ ಬಿಟ್ಟುದನ್ನು ಈ ಒಂದು ಸಂಭಾಷಣೆಯು ಹೇಳುತ್ತದೆ. ಹಂಬೋಲ್ಟನ ಆಂಡೀಸನ್ನು ಪಾಠ ಹೇಳುವವರು ಚಿಂಬೊರಾಸೋವಿನ ಚಿತ್ರದ ಜೊತೆಗೆ ಈ ಯುವಕನ ಮಾತನ್ನೂ ವಿದ್ಯಾರ್ಥಿಗಳ ಮುಂದಿಡುವುದು ಯುಕ್ತ.